ಸಪ್ಪಳಿಲ್ಲದ ಕಾಡತೂಸು

ಮಾವ ಶಿವಯೋಗೆಪ್ಪನ ಬಾಯಿಂದ ಒಂದು ಉತ್ತರ ಹೊರಡಿಸುವುದಕ್ಕಿಂತ ಹೊಳೆಯ ನೀರನ್ನು ಚರಿಗೆಯಲ್ಲಿ ತೋಡಿ ಬತ್ತಿಸುವುದು ಸಲೀಸು ಎಂಬುದು ಗಂಗಾಂಬಿಕಾಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಈಗ ಹತ್ತೊಂಬತ್ತು ವರ್ಷ ಕಳೆದಿತ್ತು. ಚಹಾ ತರಲೇ ಎಂದರೆ ಉತ್ತರವಿಲ್ಲ. ಜೋಳದ ರೊಟ್ಟಿಯೋ ಸಜ್ಜೆಯದೋ ಎಂದರೆ ಉತ್ತರವಿಲ್ಲ. ಉತ್ತರ ಬಾರದಿದ್ದರೆ ಹೂಂ, ಉತ್ತರ ಬಾರದೆ ಕೆಮ್ಮಿದರೆ ಊಂಹೂಂ ಎಂದು ಅವಳೇ ಒಂದು ಕಾನೂನು ಮಾಡಿಕೊಂಡು ಸಂಸಾರ ತೂಗಿಸಿಕೊಂಡು ಬಂದಿದ್ದಳು. ಊರವರು ಬಂದು ಕಟ್ಟೆಯ ಮೇಲೆ ಕುಳಿತರೆ ಮಾತ್ರ ಇದೇ ಮನುಷ್ಯನಿಗೆ ಎಲ್ಲಿಲ್ಲದ ಬಾಯಿ ಬರುತ್ತಿತ್ತು. ಸೊಸೆಗೆ ಕೊಡುವುದಕ್ಕೆ ಒಂದು ಮಾತು ಇರಲಿಲ್ಲ, ಅಷ್ಟೇ. ಇದನ್ನು ನೆನೆದಾಗಲೆಲ್ಲ ಅವಳು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದಳು.

ಅಂಥವನಿಂದ ಈಗ ಅವಳಿಗೆ ಒಂದು ಸಹಿ ಬೇಕಾಗಿತ್ತು. ಮನೆಯಲ್ಲಿ ಒಂಟಿ ನಳಿಗೆಯ ಬಂದೂಕೊಂದಿತ್ತು, ಬೆಳೆ ಕಾಯಲೆಂದು ಸರಕಾರ ಪರವಾನಗಿ ಕೊಟ್ಟದ್ದು. ನಲವತ್ತು ವರ್ಷಗಳಿಂದ ಅದು ಶಿವಯೋಗೆಪ್ಪನ ಹೆಸರಿನಲ್ಲಿತ್ತು. ಅವನಿಗೆ ಎಪ್ಪತ್ತಾರು ದಾಟಿ ಕೈ ನಡುಗಲು ಹತ್ತಿದ ಮೇಲೆ, ಪರವಾನಗಿಯನ್ನು ಮನೆಯ ಬೇರೊಬ್ಬರ ಹೆಸರಿಗೆ ಮಾಡಿಸಿ, ಇಲ್ಲವೇ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂದು ಕಾಗದ ಬಂದಿತ್ತು. ಮಗ ಯಲ್ಲಾಲಿಂಗನ ಹೆಸರಿಗೆ ಮಾಡಿಸುವಂತಿರಲಿಲ್ಲ. ಕಬ್ಬಿನ ದರಕ್ಕಾಗಿ ಮುಧೋಳದಲ್ಲಿ ರಸ್ತೆ ತಡೆ ನಡೆದಾಗ ಈ ಮಹಾರಾಯ ಎಲ್ಲರ ಹಿಂದೆ ನಿಂತು ಗಿರಮಿಟ್ಟು ತಿನ್ನುತ್ತಿದ್ದನಂತೆ. ಮುಂದಿದ್ದವರೆಲ್ಲ ಓಡಿಹೋಗಿ, ಪೊಟ್ಟಣ ಬಿಡಲಾರದೆ ನಿಂತವನ ಹೆಸರು ಕೇಸಿನಲ್ಲಿ ಸೇರಿತ್ತು. ಕೇಸು ಇದ್ದವನಿಗೆ ಬಂದೂಕು ಯಾರು ಕೊಡುತ್ತಾರೆ? ಉಳಿದವಳು ಸೊಸೆ.

ಅವಳಿಗೂ ಬಂದೂಕು ಬೇಕೇ ಬೇಕಾಗಿತ್ತು. ಕಬ್ಬು ಸಾಗಿಸುವ ಹಂಗಾಮು ಸುರುವಾದರೆ ಗಂಡ ಐದು ತಿಂಗಳು ಟ್ರ್ಯಾಕ್ಟರಿನ ಮೇಲೆಯೇ ಇರುತ್ತಾನೆ. ಅನಗವಾಡಿಯ ಹೊಳೆದಂಡೆಯ ಹೊಲ ಕಾಯುವವಳು ಅವಳೊಬ್ಬಳೇ. ದಂಡೆಯ ಆಪಿನ ಹುಲ್ಲಿನ ಪೊದೆಗಳಿಂದ ಕಾಡುಹಂದಿಗಳು ಹಿಂಡುಗಟ್ಟಿ ಬರುತ್ತವೆ. ಹೋದ ವರ್ಷ ಗೋವಿನಜೋಳದ ಹೊಲಕ್ಕೆ ನುಗ್ಗಿದಾಗ ಅವಳು ತಗಡಿನ ಡಬ್ಬಿ ಬಡಿಯುತ್ತ ಹೋಗಿ ನಿಂತಿದ್ದಳು. ಮುಂದಿದ್ದ ಹಂದಿ ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ಡಬ್ಬಿಯನ್ನೊಮ್ಮೆ ನೋಡಿ, ಮತ್ತೆ ತೆನೆಗೆ ಬಾಯಿ ಹಾಕಿತ್ತು. ಮಾವನ ಹಾಗೆ ಹಂದಿಯೂ ತನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ ಎಂದು ಅವಳಿಗೆ ಅಲ್ಲಿಯೇ ಅಳು ಬಂದಿತ್ತು. ಹಂದಿಯನ್ನು ಕೊಲ್ಲುವ ಆಸೆ ಅವಳಿಗಿರಲಿಲ್ಲ. ಗಾಳಿಯಲ್ಲಿ ಒಂದು ಈಡು ಹಾರಿಸಿದರೆ ಸಾಕು, ಮೂರು ದಿನ ಆ ಕಡೆ ಸುಳಿಯುವುದಿಲ್ಲ.

ಪರವಾನಗಿ ಸಿಗಬೇಕಾದರೆ ಸೋಮವಾರ ಬಾಗಲಕೋಟೆಯಲ್ಲಿ ಪೊಲೀಸರ ಮುಂದೆ ಬಂದೂಕು ಹಾರಿಸಿ ತೋರಿಸಬೇಕಿತ್ತು. ಅದಕ್ಕೂ ಮೊದಲು, ಶನಿವಾರದೊಳಗೆ, ನನ್ನ ಬಂದೂಕು ಸೊಸೆಗೆ ಕೊಡಲು ಒಪ್ಪಿದ್ದೇನೆ ಎಂದು ಮಾವ ಸಹಿ ಮಾಡಿದ ಅರ್ಜಿಯನ್ನು ಬೀಳಗಿಯ ಕಚೇರಿಗೆ ಮುಟ್ಟಿಸಬೇಕಿತ್ತು. ಮಾವ ಒಂದು ಷರತ್ತು ಹಾಕಿದ್ದ. ಅದನ್ನೂ ಸೊಸೆಗೆ ಹೇಳಲಿಲ್ಲ, ಕಟ್ಟೆಯ ಮೇಲೆ ಕುಳಿತು ಮಗನಿಗೆ ಓಣಿಗೆಲ್ಲ ಕೇಳುವಂತೆ ಹೇಳಿದ.

"ನನ್ನ ಕಣ್ಣ ಮುಂದ ಐದ ಸಲ ರಟ್ಟಿಗಿ ಹೊಡೀಲಿ, ಸಹಿ ಮಾಡ್ತೇನಿ. ಇಲ್ಲಂದ್ರ ಬಂದೂಕ ಠಾಣೇಕ ಹೋಗ್ಲಿ. ಕಣ್ಣ ಮುಚ್ಚಿ ಹಾರಸೋರ ಕೈಯಾಗ ನಾ ಕೊಡಾವಲ್ಲ."

ಕಣ್ಣು ಮುಚ್ಚುವುದು ಖರೆ. ಆದರೆ ಅದನ್ನು ಕಲಿಸಿದವನು ಇವನೇ. ತಿಂಗಳ ಹಿಂದೆ ಮೊದಲ ಪಾಠ ನಡೆದಾಗ, ಹಂದಿಗೆಂದು ಇಟ್ಟಿದ್ದ ದಪ್ಪ ಕಾಡತೂಸನ್ನು ತುಂಬಿ ಅವಳ ಕೈಗೆ ಕೊಟ್ಟಿದ್ದ. ಟ್ರಿಗರ್ ಒತ್ತಿದ್ದೇ ತಡ, ಬಂದೂಕು ಎಮ್ಮೆ ಒದ್ದಂತೆ ಒದ್ದು, ಅವಳು ಕಬ್ಬಿನ ಒಣ ಗರಿಯ ರವದಿಯ ಮೇಲೆ ಅಂಗಾತ ಬಿದ್ದಿದ್ದಳು. ಭುಜ ಹದಿನೈದು ದಿನ ನೇರಳೆ ಹಣ್ಣಿನ ಬಣ್ಣದಲ್ಲಿತ್ತು. ಮಾವ ಬಿದ್ದುಬಿದ್ದು ನಕ್ಕಿದ್ದ. ಆಮೇಲೆ ಎರಡು ಸಲ ಹಾರಿಸುವಾಗಲೂ ಬೆರಳಿಗಿಂತ ಮೊದಲು ಅವಳ ರೆಪ್ಪೆಗಳೇ ಮುಚ್ಚಿದ್ದವು. ಗುರಿಗೆಂದು ಇಟ್ಟ ರಟ್ಟು ಇಟ್ಟ ಹಾಗೇ ಇತ್ತು. "ಒದೆತ ಭಾಳ ಐತ್ರಿ ಮಾವಾರ, ಸಣ್ಣವು ಇಲ್ಲೇನ್ರಿ?" ಎಂದು ಅವಳು ಕೇಳಿದ್ದಳು. ಎಂದಿನಂತೆ ಉತ್ತರವಿಲ್ಲ.

ಕೊನೆಗೆ ಗಂಡನ ಬೆನ್ನು ಹತ್ತಿ, ಗಂಡ ಅಪ್ಪನ ಬೆನ್ನು ಹತ್ತಿ, ಬುಧವಾರ ಮಾವ-ಸೊಸೆ ಇಬ್ಬರೂ ಬೀಳಗಿಯ ಮೇಲೆ ಹಾಯ್ದು ಜಮಖಂಡಿಗೆ ಹೋದರು. ಅಲ್ಲಿ ಗುರುರಾಜನ ಬಂದೂಕಿನ ಅಂಗಡಿ. ಅಜ್ಜನ ಕಾಲದ್ದು. ಅಂಗಡಿಯಲ್ಲಿ ಈಗ ಬಂದೂಕಿಗಿಂತ ಹೆಚ್ಚಾಗಿ ಪಟಾಕಿಯನ್ನೂ ಹೊಲದ ಬೇಲಿಯ ತಂತಿಯನ್ನೂ ಮಾರುತ್ತಿದ್ದರು. ಗುರುರಾಜ ಅರವತ್ತರ ಹತ್ತಿರದವನು, ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ. ಗಂಗಾಂಬಿಕಾ ತನ್ನ ಭುಜದ ಕತೆ ಹೇಳಿದಾಗ ಅವನು ಹಲ್ಲಿ ಲೊಚಗುಟ್ಟಿದ ಹಾಗೆ ಬಾಯಿ ಮಾಡಿ, ಕಪಾಟಿನಿಂದ ಒಂದು ಹಳದಿ ಡಬ್ಬಿ ತೆಗೆದ.

"ಅಕ್ಕಾರ, ಇದು ಹೊಸಾ ಮಾಲು. ಪರೀಕ್ಷಾ ಮಾಡಿ ಹೇಳ್ರಿ ಅಂತ ಕಂಪನಿಯವರು ಕಳಿಸ್ಯಾರ. ಮದ್ದು ಕಡಿಮಿ, ಒಳಗಿನ ಸಣ್ಣ ಗುಂಡು, ಛರ್ರಾನೂ ಕಡಿಮಿ. ಒದೆತ ಇಲ್ಲ, ಸಪ್ಪಳ ಅಂತೂ ಇಲ್ಲೇ ಇಲ್ಲ ಅನ್ರಿ. ಹೊಸದಾಗಿ ಕಲಿಯೋರಿಗೆ, ಸಣ್ಣ ಬ್ಯಾಟಿಗೆ ಅಂತ ಮಾಡ್ಯಾರ."

"ಸಣ್ಣ ಬ್ಯಾಟಿ ಅಂದ್ರ ಏನ್ರಿ?"

"ಮೊಲ, ಕೌಜುಗ, ಬೆಳವಕ್ಕಿ." ಗುರುರಾಜ ಹಣೆ ಚಚ್ಚಿಕೊಂಡ. "ನಮ್ಮಲ್ಲೆ ಮೊಲಾ ಹೊಡದ್ರ ಜೇಲು. ಕೌಜುಗ ಹೊಡದ್ರ ಜೇಲು. ಇದನ್ನ ಮಾಡಿದವಗ ಅಷ್ಟರ ತಿಳೀಬಾರದ? ಡಬ್ಬಿ ಮ್ಯಾಲೆ ಮೊಲದ ಚಿತ್ರ ಬ್ಯಾರೆ ಹಾಕ್ಯಾನ. ಅರಣ್ಯ ಇಲಾಖೆಯವರು ಬಂದ್ರ ನನಗ ತ್ರಾಸು ಅಂತ ಅದರ ಮ್ಯಾಲೆ ಚೀಟಿ ಅಂಟಿಸಿ ಇಟ್ಟೀನಿ. ಮೂರು ತಿಂಗಳಾತು, ಒಬ್ಬರೂ ಮುಟ್ಟವಲ್ಲರು. ಸಪ್ಪಳಿಲ್ಲದ ಕಾಡತೂಸು ಏನ ಸುಡ್ಲಿಕ್ಕ ಅಂತ ನನಗ ಬೈತಾರ."

ಬೆಂಚಿನ ಮೇಲೆ ಕುಳಿತ ಶಿವಯೋಗೆಪ್ಪ ಬೈದವರ ಪಕ್ಷದವನೇ. ಗುರುರಾಜ ಅವನ ಮುಂದೆ ಹೋಗಿ, ಅಂಗಡಿ ಅದುರುವಂತೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಬಂದೂಕಿನ ಗಿರಾಕಿಗಳ ಜೊತೆ ಮೂವತ್ತು ವರ್ಷ ಕಳೆದ ಅವನಿಗೂ ಮೆಲ್ಲಗೆ ಮಾತಾಡುವ ರೂಢಿ ತಪ್ಪಿತ್ತು.

"ಏ ಗುರುರಾಯ, ಅನಗವಾಡಿಯೊಳಗ ಹಾರಿಸಿದ್ರ ಬಾಡಗಂಡಿ ಮಂದಿ ಎದ್ದ ಕೂಡಬೇಕು. ಅದಕ್ಕ ಬಂದೂಕ ಅಂತಾರ. ಇದೇನ, ಹಪ್ಪಳ ಮುರಿಯೂದ ಐತಿ?" ಎಂದ ಶಿವಯೋಗೆಪ್ಪ.

"ಹತ್ತು ಫುಕಟ ಕೊಡ್ತೀನ್ರಿ ಗೌಡ್ರ. ಹಾರಿಸಿ ನೋಡಿ, ಹ್ಯಾಂಗ ಅದಾವ ಅಂತ ನಾಕ ಸಾಲು ಬರಕೊಟ್ರ ಸಾಕು."

ಫುಕಟ ಎಂದ ಮೇಲೆ ಶಿವಯೋಗೆಪ್ಪ ವಾದ ಮಾಡಲಿಲ್ಲ. ಪರವಾನಗಿಯ ಪುಸ್ತಕ ತೆಗೆದುಕೊಟ್ಟ. ಗುರುರಾಜ ಬರೆದುಕೊಂಡು ಹತ್ತು ಕಾಡತೂಸು ಎಣಿಸಿದ. ಜೊತೆಗೆ ಒಂದು ಹಾಳೆ. ಸಪ್ಪಳ ಎಷ್ಟು, ಒದೆತ ಎಷ್ಟು, ಇಪ್ಪತ್ತು ಹೆಜ್ಜೆಯಿಂದ ರಟ್ಟಿಗೆ ಎಷ್ಟು ಛರ್ರೆ ಬಿದ್ದವು, ಹೊಸಬರು ಹೆದರಿದರೋ ಇಲ್ಲವೋ ಎಂದು ಅದರಲ್ಲಿ ಬರೆಯಬೇಕಿತ್ತು. ಬಸ್ಸಿನಲ್ಲಿ ಬರುವಾಗ ಗಂಗಾಂಬಿಕಾ ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಶುಕ್ರವಾರ ಮುಂಜಾನಿ ಹೊಲಕ್ಕ ಹೋಗೂನೇನ್ರಿ ಮಾವಾರ?" ಎಂದು ಕೇಳಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಕೆಮ್ಮಲಿಲ್ಲ. ಹೂಂ ಎಂದೇ ಲೆಕ್ಕ.

ಶುಕ್ರವಾರ ಬಿಸಿಲೇರುವ ಹೊತ್ತಿಗೆ ಅವರು ಕಬ್ಬು ಕಡಿದು ಬಯಲಾಗಿದ್ದ ಹೊಲದಲ್ಲಿದ್ದರು. ಹೊಳೆಯ ಕಡೆಗೆ ಎತ್ತರದ ಒಡ್ಡು. ಅದಕ್ಕೆ ಆನಿಸಿ ಟೀವಿ ಬಂದಿದ್ದ ಡಬ್ಬಿಯ ರಟ್ಟು, ರಟ್ಟಿನ ಮೇಲೆ ಇದ್ದಿಲಿನಿಂದ ಬರೆದ ವರ್ತುಲ. ಇಪ್ಪತ್ತು ಹೆಜ್ಜೆ ಎಣಿಸಿ ಗಂಗಾಂಬಿಕಾ ನಿಂತಳು. ಆಚೆ ಹೊಲದಲ್ಲಿ ಕಬ್ಬು ಕಡಿಯುವವರ ಟೋಳಿಯೊಂದು ಕೆಲಸಕ್ಕೆ ಹತ್ತಿತ್ತು. ಹೊಳೆಯಿಂದ ಗಾಳಿ ಬೀಸುತ್ತಿತ್ತು. ಪರವಾನಗಿ ಇದ್ದವರು ಪಕ್ಕದಲ್ಲೇ ನಿಂತಿರಬೇಕೆಂದು ಠಾಣೆಯವರು ಹೇಳಿದ್ದರು. ಶಿವಯೋಗೆಪ್ಪ ಎಲ್ಲಿ ಕೇಳುತ್ತಾನೆ? ರಟ್ಟು ಚೆನ್ನಾಗಿ ಕಾಣಲೆಂದು ಮುಂದೆ ಹೋಗಿ, ಬದುವಿನ ಮೇಲಿನ ಜಾಲಿಯ ನೆರಳಿನಲ್ಲಿ ತಲೆಯ ಬಿಳಿ ರುಮಾಲು ಸರಿಮಾಡಿಕೊಂಡು ಕುಕ್ಕರಿಸಿದ. ಅದು ಅವಳಿಗೂ ರಟ್ಟಿಗೂ ನಡುವೆ, ಒಂದು ಮಗ್ಗುಲಿಗೆ.

"ಅಲ್ಲಿ ಬ್ಯಾಡ್ರಿ ಮಾವಾರ, ಹಿಂದ ಬರ್ರಿ," ಎಂದು ಕೈ ಬೀಸಿ ಕರೆದಳು.

ಇಲ್ಲ. ಅಲ್ಲಾಡಲಿಲ್ಲ. ಅಡಿಕೆ ಕತ್ತರಿಸುತ್ತ, "ಹೂಂ, ಸುರು ಮಾಡು! ನನ್ನ ಕಡೆ ಗುಂಡ ಬರೂದಿಲ್ಲ. ನಾ ಯಾರಂತ ಅದಕ್ಕೂ ಗೊತ್ತೈತಿ!" ಎಂದು ಕೂಗಿದ.

ಅವಳು ಹಲ್ಲು ಕಚ್ಚಿ ಮೊದಲ ಕಾಡತೂಸು ತುಂಬಿದಳು. ಭುಜಕ್ಕೆ ಮಡಿಚಿದ ಟವೆಲ್ಲು ಇಟ್ಟು, ಬಂದೂಕನ್ನು ಆನಿಸಿ, ಉಸಿರು ಹಿಡಿದು, ಕಣ್ಣು ಮುಚ್ಚಿ ಒತ್ತಿದಳು. ದೊಪ್ಪ ಅಂತ ಒಂದು ಸದ್ದು, ಅಟ್ಟದಿಂದ ಹಿಟ್ಟಿನ ಚೀಲ ಕೆಡವಿದಷ್ಟು. ಭುಜವನ್ನು ಯಾರೋ ಅಂಗೈಯಿಂದ ಮೆಲ್ಲಗೆ ದೂಡಿದಂತಾಯಿತು. ಅಷ್ಟೇ. ಗಂಗಾಂಬಿಕಾ ಕಣ್ಣು ಬಿಟ್ಟು, ನಿಂತಲ್ಲೇ ನಿಂತಿದ್ದೇನೆಂಬುದನ್ನು ಖಾತ್ರಿ ಮಾಡಿಕೊಂಡಳು. ಅವಳಿಗೆ ನಗು ಬಂದಿತು. ರಟ್ಟಿಗೆ ಒಂದೂ ತಾಗಿರಲಿಲ್ಲ, ಮೇಲಿನ ಒಡ್ಡಿನಲ್ಲಿ ಮಣ್ಣು ಉದುರಿತ್ತು.

"ಯಾಕ, ಹಾರಸಾವಲ್ಲೇನ?" ಎಂದು ಮಾವ ಕೂಗಿದ.

"ಹಾರಿಸೇನ್ರಿ."

"ಹಾರಸು ಅಂದ್ರ! ಎಷ್ಟೊತ್ತ ಹಿಡಕೊಂಡ ನಿಂದ್ರತಿ?"

ನಗು ಅಲ್ಲಿಗೆ ಆರಿತು. ಹಂಗಿಸುವುದಕ್ಕೂ ಒಂದು ಮಿತಿ ಬೇಡವೇ? ಅವಳು ಎರಡನೆಯದನ್ನು ತುಂಬಿ ಹಾರಿಸಿದಳು. ಅದೂ ರಟ್ಟಿನ ಬಗಲಲ್ಲಿ ಹೋಗಿ ಮಣ್ಣಿಗೆ ಬಿತ್ತು.

"ಇದೂ ಠುಸ್ಸ? ಅಂವಾ ಗುರುರಾಯ ಸತ್ತ ಕಾಡತೂಸ ಕೊಟ್ಟಾನ ನೋಡು. ಫುಕಟ ಅಂದಾಗ ನನಗ ತಿಳೀಬೇಕಿತ್ತು!"

"ಸತ್ತಿಲ್ರಿ, ಎರಡೂ ಹಾರ್ಯಾವು. ನಾನ ಗುರಿ ತಪ್ಪೇನಿ," ಎಂದಳು.

ಮುದುಕ ಅಡಿಕೆ ಬಾಯಿಗೆ ಹಾಕಿಕೊಂಡು ಹೊಳೆಯ ಕಡೆ ನೋಡಿದ. ತಪ್ಪು ಒಪ್ಪಿಕೊಂಡರೂ ಒಂದು ಹೂಂ ಇಲ್ಲ! ಗಂಗಾಂಬಿಕಾಗೆ ಕಿವಿಯವರೆಗೆ ಬಿಸಿಯೇರಿತು. ಆ ಸಿಟ್ಟಿನಲ್ಲೇ ಮೂರನೆಯದನ್ನು ತುಂಬಿದಳು. ಈ ಸಲ ಹೆದರಿಕೆಗೆ ಜಾಗವೇ ಇರಲಿಲ್ಲ. ಒದೆಯುವುದಿಲ್ಲ ಎಂದು ಭುಜಕ್ಕೂ ತಿಳಿದಿತ್ತು. ಕಣ್ಣು ತೆರೆದೇ ಒತ್ತಿದಳು. ರಟ್ಟು ಅದುರಿತು, ವರ್ತುಲದ ಎಡಮಗ್ಗುಲಿಗೆ ಸಾಸಿವೆ ಚೆಲ್ಲಿದಂತೆ ತೂತು ಬಿದ್ದವು. ಅವಳ ಬಾಯಿಂದ ತಾನಾಗಿ "ಅವ್ವಾ" ಎಂದು ಬಂದಿತು. ಹೀಗೆ ಇನ್ನು ನಾಲ್ಕು. ನಾಲ್ಕು ಹೊಡೆದರೆ ಸಹಿ.

"ಗಾಳೀಗಿ ರಟ್ಟ ಬೀಳಾಕತ್ತೈತೇನ?" ಎಂದುಕೊಳ್ಳುತ್ತ ಮುದುಕ ಮೊಣಕಾಲು ಹಿಡಿದು ಏಳತೊಡಗಿದ್ದು ಅವಳಿಗೆ ಕಾಣಲಿಲ್ಲ. ಅವಳು ತಲೆ ತಗ್ಗಿಸಿ ಬಂದೂಕನ್ನು ಕೀಲಿನಲ್ಲಿ ಮಡಚಿ, ಖಾಲಿ ಸಿಪ್ಪೆ ತೆಗೆದು, ನಾಲ್ಕನೆಯದನ್ನು ಕೂರಿಸುತ್ತಿದ್ದಳು. "ಹಾರಸ್ತೇನ್ರಿ," ಎಂದು ಹೇಳಿದಳು ಕೂಡ. ಭುಜಕ್ಕಾನಿಸಿ, ಗಲ್ಲ ತಾಗಿಸಿ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮಣಿಯನ್ನು ರಟ್ಟಿನ ಮೇಲೆ ತಂದು, ಬೆರಳನ್ನು ಟ್ರಿಗರಿನ ಮೇಲಿಟ್ಟು ಮೆಲ್ಲಗೆ ಬಿಗಿ ಮಾಡಿದಳು.

ಮಣಿಯ ಮೇಲೆ ವರ್ತುಲ ಇರಲಿಲ್ಲ. ಬಿಳಿ ರುಮಾಲಿತ್ತು.

ಬೆರಳು ಅಲ್ಲೇ ಕಲ್ಲಾಯಿತು. ಶಿವಯೋಗೆಪ್ಪ ಬದುವಿನಿಂದ ಇಳಿದು, ತನ್ನ ಹೊಲದಲ್ಲಿ ತಾನು ಅಡ್ಡಾಡುವವನ ಹಾಗೆ ನಡೆದುಹೋಗಿ, ರಟ್ಟಿನ ಮುಂದೆ ಬಗ್ಗಿ ಅದನ್ನು ಸರಿಯಾಗಿ ನಿಲ್ಲಿಸುತ್ತಿದ್ದ. "ಮಾವಾರ, ಸರೀರಿ," ಎಂದಳು ಗಂಗಾಂಬಿಕಾ, ರೂಢಿಯ ದನಿಯಲ್ಲಿ. ಅವನು ಸರಿಯಲಿಲ್ಲ. ಅವಳು ನಳಿಗೆಯನ್ನು ನೆಲಕ್ಕೆ ಇಳಿಸಿ, ಬಂದೂಕು ಮಡಚಿ ಕಾಡತೂಸನ್ನು ಹೊರಗೆ ಕಿತ್ತಳು. ತಿಂಗಳ ಹಿಂದಿನ ಹಾಗೆ ಕಣ್ಣು ಮುಚ್ಚಿ ಒತ್ತಿದ್ದರೆ ಈ ಹೊತ್ತಿಗೆ ಮಾವ ಇರುತ್ತಿರಲಿಲ್ಲ. ಅದು ಹೊಳೆದದ್ದೇ ಅವಳು ಚೀರಿದಳು.

"ಮಾವಾರಾ! ನಿಂದರ್ರೀ! ಈ ಕಡೆ ಬರ್ರೀ ಮೊದಲ!"

ಗಂಗಾಂಬಿಕಾ ಬನಹಟ್ಟಿಯ ನೇಕಾರರ ಮನೆಯವಳು. ಆರು ಮಗ್ಗಗಳು ಒಟ್ಟಿಗೆ ಬಡಿಯುವ ಮನೆಯಲ್ಲಿ ಹುಟ್ಟಿ, ಆ ಸದ್ದಿನ ಮೇಲೆ ದನಿಯೆತ್ತಿ ಮಾತಾಡಿ ಬೆಳೆದವಳು. ಕೊಟ್ಟ ಮನೆಗೆ ಕಳಿಸುವಾಗ ಅವ್ವ ಗದ್ದ ಹಿಡಿದು, ಅಲ್ಲಿ ಮಗ್ಗದ ದನಿ ತೆಗೀಬ್ಯಾಡ, ಮಾವನ ಮುಂದ ನಿನ್ನ ಮಾತು ನಿನಗಷ್ಟ ಕೇಳಬೇಕು ಎಂದು ಹೇಳಿದ್ದಳು. ಹತ್ತೊಂಬತ್ತು ವರ್ಷ ಅವಳು ಹಾಗೇ ನಡೆದುಕೊಂಡಿದ್ದಳು. ಈಗ ಹೊರಟದ್ದು ಆರು ಮಗ್ಗಗಳ ದನಿ. ಆಚೆ ಹೊಲದಲ್ಲಿ ಕಬ್ಬು ಕಡಿಯುವವರು ತಲೆ ಎತ್ತಿದರು. ಶಿವಯೋಗೆಪ್ಪ ಬೆಚ್ಚಿ ತಿರುಗಿ, ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಯಾರ ಒದರಿದ್ರು?"

"ನಾನ!"

"ನೀನ?"

"ಬಂದೂಕಿನ ಮುಂದ ಯಾಕ ಹೋದ್ರಿ? ತುಂಬಿದ್ನಿ! ಸಾಯತಿದ್ರಿ ಈಗ!"

"ಹಾರಾಕ ವಲ್ಲದಲ್ಲ, ಸತ್ತ ಕಾಡತೂಸು..." ಎನ್ನುತ್ತ ಅವನು ಕೈಯಲ್ಲಿದ್ದ ರಟ್ಟಿನ ಕಡೆ ಕಣ್ಣು ಹಾಯಿಸಿದ. ಒಂದು ತೂತಿಗೆ ಕಿರುಬೆರಳು ತಾಗಿಸಿ ನೋಡಿದ. ಇನ್ನೊಂದಕ್ಕೆ ತಾಗಿಸಿದ.

ಗಂಗಾಂಬಿಕಾ ಬಂದೂಕನ್ನು ಬದುವಿನ ಮೇಲಿಟ್ಟು ಹೋಗಿ ಅವನ ಹಿಂದೆ ನಿಂತಳು. "ಇವು ಯಾವಾಗ ಬಿದ್ದು?" ಎಂದು ಅವನು ಕೇಳಿದ, ರಟ್ಟನ್ನೇ ನೋಡುತ್ತ.

"ಈಗ ಬಿದ್ದಾವ್ರಿ," ಎಂದಳು. ದನಿ ತಾನಾಗಿ ಹಳೆಯ ಮಟ್ಟಕ್ಕೆ ಇಳಿದಿತ್ತು. ಅವನು ಮಿಸುಕಲಿಲ್ಲ. "ಈಗ ಬಿದ್ದಾವ್ರಿ ಮಾವಾರ."

ಬೇರೆ ದಿನವಾಗಿದ್ದರೆ ಅವಳು ಸೆರಗು ಕೊಡವಿ ಹೊರಟುಬಿಡುತ್ತಿದ್ದಳು. ಇವತ್ತು ಹೋಗಲಿಲ್ಲ. ಬಿಗುಮಾನದಿಂದ ಉತ್ತರ ಕೊಡದವನ ಕತ್ತು ಸೆಟೆದುಕೊಂಡಿರುತ್ತದೆ. ಈ ಕತ್ತಿನಲ್ಲಿ ಬಿಗುಮಾನವೇನೂ ಕಾಣಲಿಲ್ಲ, ಉತ್ತರ ಯಾವಾಗ ಬಂದೀತೆಂದು ಕಾಯುತ್ತಿರುವಂತಿತ್ತು. ಅವಳು ಅವನ ಬೆನ್ನ ಹಿಂದೆಯೇ ನಿಂತು, ದಿನಾ ಕೇಳುವ ದನಿಯಲ್ಲೇ ಕೇಳಿದಳು: "ಚಾ ತರ್ಲೇನ್ರಿ?"

ಇಲ್ಲ.

"ಊಟಕ್ಕ ಹೋಗೂನೇನ್ರಿ?"

ಇಲ್ಲ. ಗಂಗಾಂಬಿಕಾ ಸುತ್ತ ನೋಡಿ, ಮನಸ್ಸು ಗಟ್ಟಿ ಮಾಡಿ, ಅದೇ ದನಿಯಲ್ಲಿ ಅಂದಳು: "ನೀವು ಭಾಳ ಕೆಟ್ಟ ಮನಶ್ಯಾ ಅದೀರಿ."

ಶಿವಯೋಗೆಪ್ಪ ಛರ್ರೆಯ ತೂತು ಎಣಿಸುತ್ತಿದ್ದ. ಒಂಬತ್ತು, ಹತ್ತು, ಹನ್ನೊಂದು.

ಕಿವುಡ. ಈ ಮನುಷ್ಯ ಕಿವುಡ. ನಲವತ್ತು ವರ್ಷ ಕಿವಿಯ ಬುಡದಲ್ಲಿ ಬಂದೂಕು ಹಾರಿಸಿ ಕಿವಿ ಕಳೆದುಕೊಂಡವನು. ಗಂಡ ಪಕ್ಕದಲ್ಲಿ ಕುಳಿತೂ ಹೊಳೆಯ ಆಚೆಯವರನ್ನು ಕರೆದಂತೆ ಮಾತಾಡುತ್ತಾನೆ. ಓಣಿಯ ಗಂಡಸರೆಲ್ಲ ಹಾಗೇ, ಜಮಖಂಡಿಯ ಗುರುರಾಜನೂ ಹಾಗೇ. ಅವರದು ಇವನಿಗೆ ಕೇಳುತ್ತದೆ. ಕೇಳದ್ದು ಸೊಸೆಯದೊಂದೇ. ಗಂಗಾಂಬಿಕಾಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿ ಬೇಯಿಸಿಕೊಂಡ ಸಿಟ್ಟೆಲ್ಲ ಈಗ ಯಾರ ತಲೆಯ ಮೇಲೆ ಸುರಿಯಬೇಕು?

ಅವಳು ಅವನ ಮುಂದೆ ಬಂದು ನಿಂತು ಕೂಗಿದಳು. "ನಿಮಗ ಕಿವಿ ಕೇಳಸೂದಿಲ್ಲೇನು?"

"ಯಾಕ ಕೇಳಸೂದಿಲ್ಲ?" ಅವನೂ ಕೂಗಿದ. "ಎಲ್ಲಾರದೂ ಕೇಳಸ್ತೈತಿ. ನೀ ಮಾತಾಡಿದ್ರಲ್ಲ ಕೇಳಸೂದು? ಇಷ್ಟ ದೊಡ್ಡ ಬಾಯಿ ಇಟಗೊಂಡು ಹತ್ತೊಂಬತ್ತ ವರ್ಷ ನನ್ನ ಕೂಡ ಯಾಕ ಮಾತ ಬಿಟ್ಟಿದ್ದಿ?"

"ನಾ ಬಿಟ್ಟಿದ್ನ್ಯಾ?"

"ಮತ್ತ ನಾನ? ಬರ್ತೀ, ನೆಲಾ ನೋಡ್ತೀ, ತುಟಿ ಅಳ್ಳಾಡಸ್ತೀ, ಹೋಗ್ತೀ. ಬಾಯಾಗ ಬೈಯಾಕತ್ತಾಳ, ಬೈಲಿ ಬಿಡು ಅಂತ ನಾ ಸುಮ್ನಿರ್ತಿದ್ನಿ. ಬನಹಟ್ಟಿ ದೊಡ್ಡ ಮನಿತನದಾಕಿ, ನಮ್ಮಂಥಾರ ಕೂಡ ಮಾತಾಡೂದಿಲ್ಲ ಅಂತ ಮಂದಿಗೆ ಹೇಳಿ ಹೇಳಿ ಸಾಕಾಗೇತಿ ನನಗ."

ಗಂಗಾಂಬಿಕಾಗೆ ಎಷ್ಟೋ ಮಾತು ಒಮ್ಮೆಲೇ ಗಂಟಲಿಗೆ ಬಂದವು, ರೊಟ್ಟಿಯದು, ಚಹಾದ್ದು, ಮಗಳ ಸಾಲೆಯದು. ಅವೆಲ್ಲವನ್ನೂ ತಳ್ಳಿಕೊಂಡು ಹನ್ನೊಂದು ವರ್ಷದ ಹಿಂದಿನ ಒಂದು ಮಾತು ಮುಂದೆ ಬಂದಿತು. ಅದನ್ನು ಅವಳು ಕೂಗಿ ಹೇಳಲಾರಳು. ಮೆಲ್ಲಗೇ ಅಂದಳು.

"ನಮ್ಮವ್ವಗ ಭಾಳ ಆಗೇತಿ, ಹೋಗಿ ಬರ್ಲ್ಯಾ ಅಂತ ಕೇಳಿದ್ನಿ. ನೀವು ಹೂಂ ಅನಲಿಲ್ಲ."

"ಏನಂದಿ?" ಮುದುಕ ಕಿವಿಗೆ ಕೈ ಹಚ್ಚಿ ಬಗ್ಗಿದ.

ಇದನ್ನೂ ಒದರಬೇಕೇ? ಇದನ್ನೂ? ಅವಳಿಗೆ ಅವನ ಮೇಲೆ, ಅವನ ಕಿವಿಯ ಮೇಲೆ, ಗದ್ದ ಹಿಡಿದು ಬುದ್ಧಿ ಹೇಳಿದ ಅವ್ವನ ಮೇಲೆ ಕೂಡ ಸಿಟ್ಟು ಬಂದಿತು. ಕಣ್ಣೀರು ಸುರಿಯುತ್ತಿರಲು ಮಗ್ಗದ ದನಿಯಲ್ಲಿ ಹೇಳಿದಳು.

"ನಮ್ಮವ್ವ ಸಾಯಾಕತ್ತಿದ್ಲು! ಚೀಲಾ ಹಿಡಕೊಂಡ ಹೊಸ್ತಿಲದಾಗ ನಿಂತಿದ್ನಿ! ಹೋಗಿ ಬರ್ಲ್ಯಾ ಅಂತ ಎರಡ ಸಲ ಕೇಳಿದ್ನಿ! ನೀವು ತಂಬಾಕ ತಿಕ್ಕೋತ ಕುಂತ ಕೆಮ್ಮಿದ್ರಿ! ಒಲ್ಲೆ ಅಂದ್ರಿ ಅಂತ ಒಳಗ ಹೋದ್ನಿ! ಮೂರ ದಿನಕ್ಕ ಸತ್ಲು! ನಾ ಮಾರಿ ನೋಡಲಿಲ್ಲ!"

ಆಚೆ ಹೊಲದಲ್ಲಿ ಕಬ್ಬು ಕಡಿಯುವ ಸದ್ದು ನಿಂತಿತ್ತು. ಶಿವಯೋಗೆಪ್ಪ ರಟ್ಟನ್ನು ಕೆಳಗಿಟ್ಟ.

"ಚೀಲಾ ನೋಡೇನಿ," ಎಂದ. ಅವನ ದನಿ ಅವಳು ಎಂದೂ ಕೇಳದಷ್ಟು ಸಣ್ಣದಾಗಿತ್ತು. "ಎಲ್ಲಿ ಹೊಂಟಿ ಅಂತ ಕೇಳಬೇಕಂದ್ನಿ. ಅಷ್ಟರಾಗ ನೀ ಒಳಗ ಹೋದಿ. ಹೋಗೂದ ಬಿಟ್ಟಾಳ ಅಂದ್ಕೊಂಡ್ನಿ." ನೆಲ ನೋಡಿ, ಮತ್ತೆ ತಾನಾಗಿಯೇ ಮುಂದುವರಿಸಿದ. "ಮಣ್ಣಿಗಿ ಹೋದಾಗ ಅಲ್ಲಿ ಮಂದಿ ಕೇಳಿದ್ರು, ಮಗಳ ಮೊದಲ ಯಾಕ ಬರ್ಲಿಲ್ಲರೀ ಅಂತ. ಅಕಿದು ಹಂಗ, ತಾಯಿ ಮ್ಯಾಲೂ ಸಿಟ್ಟ ಇರಬೇಕು ಅಂತ ಹೇಳಿಬಿಟ್ನಿ ನಾ."

ಗಂಗಾಂಬಿಕಾ ಸೆರಗಿನಿಂದ ಮುಖ ಒರೆಸಿಕೊಂಡಳು. ಹೋಗಲಿ ಬಿಡ್ರಿ ಎಂದು ಹೇಳುವುದು ಅವಳ ಕೈಲಾಗಲಿಲ್ಲ. ಹೇಳಬೇಕೆಂದೂ ಅನಿಸಲಿಲ್ಲ.

"ತಾ ಆ ಕಾಗದಾ," ಎಂದ ಮುದುಕ. "ಸಹಿ ಮಾಡ್ತೇನಿ."

"ಬ್ಯಾಡ!" ಎಂದು ಅವಳು ಕೂಗಿದಳು. "ಇನ್ನಾ ಏಳ ಅದಾವ. ಐದ ತುಂಬಿದ ಮ್ಯಾಲೆ ಮಾಡ್ರಿ. ಇಲ್ಲಿ ನಿಂದರಬ್ಯಾಡ್ರಿ. ನನ್ನ ಹಿಂದ ಬರ್ರಿ!"

ಅವನು ಬಂದ. ಅವಳ ಹಿಂದೆ, ತೋರಿಸಿದ ಜಾಗದಲ್ಲಿ ಕುಳಿತ. ಅವಳು ತುಂಬಿದಳು, ಆನಿಸಿದಳು, ಕಣ್ಣು ಬಿಟ್ಟು ಒತ್ತಿದಳು. ಪ್ರತಿ ಸಲವೂ "ಹಾರಿತು!" ಎಂದು ಹಿಂದೆ ತಿರುಗಿ ಕೂಗಿದಳು. ಪ್ರತಿ ಸಲವೂ ಅವನು "ಹೂಂ" ಎಂದ. ಏಳರಲ್ಲಿ ಎರಡು ತಪ್ಪಿದವು, ಐದು ಬಿದ್ದವು. ಮೊದಲಿನದೂ ಸೇರಿ ಆರಾಯಿತು ಎಂದು ಶಿವಯೋಗೆಪ್ಪ ತಾನೇ ಲೆಕ್ಕ ಹೇಳಿ, ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ನಡುಗುವ ಕೈಯಿಂದ ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದ.

ಮನೆಗೆ ಹೊರಟರು. ಬದುವಿನ ದಾರಿಯಲ್ಲಿ ಅವನು ಮುಂದೆ, ಬಂದೂಕು ಹೊತ್ತು ಅವಳು ಹಿಂದೆ. ಹತ್ತು ಹೆಜ್ಜೆ ನಡೆದಿರಬಹುದು, ಅವನು ನಿಂತು ತಿರುಗಿದ.

"ಏನರ ಅಂದೇನ ಗಂಗವ್ವಾ?"

ಅವಳು ಏನೂ ಅಂದಿರಲಿಲ್ಲ. "ಇಲ್ರಿ," ಎಂದಳು. ಅವನು ಇನ್ನೂ ಅವಳ ತುಟಿಯನ್ನೇ ನೋಡುತ್ತಿದ್ದ. "ಇಲ್ರೀ!" ಎಂದು ಕೂಗಿದ ಮೇಲೆ ಮುಂದೆ ನಡೆದ. ಹಳ್ಳದ ಹತ್ತಿರ ಮತ್ತೆ ತಿರುಗಿ ಅದನ್ನೇ ಕೇಳಿದ. ಮಾವಿನ ಗಿಡದ ಹತ್ತಿರ ಮತ್ತೆ ಕೇಳಿದ. ಊರು ಮುಟ್ಟುವುದರೊಳಗೆ ಅವನು ಹೀಗೆ ಏಳೆಂಟು ಸಲ ತಿರುಗಿ ನಿಂತ. ಬಂದೂಕು ಭಾರ, ಬಿಸಿಲು ನೆತ್ತಿಯ ಮೇಲೆ, ಅವಳಿಗೆ ರೇಗಿಹೋಯಿತು. ರೇಗುತ್ತಲೇ, ಪ್ರತಿ ಸಲವೂ ನಿಂತು, ತಾನು ಏನೂ ಅಂದಿಲ್ಲವೆಂದು ಅವನಿಗೆ ಕೇಳುವ ಹಾಗೆ ಕೂಗಿ ಹೇಳಿದಳು.